ದಾನವಾಗಿ ಬಂದ ಸಂಗೀತ ಸಂಗ್ರಹ: ಯಾವುದಕ್ಕೆ ಮೊದಲು ಕೈ ಹಾಕಬೇಕು?

ಪ್ರಶ್ನೆ: ನಮ್ಮ ಸಂಗೀತ ಗ್ರಂಥಾಲಯಕ್ಕೆ ಸಂಗ್ರಾಹಕರೊಬ್ಬರ ಮನೆಯವರು ಸುಮಾರು 60 ಪೆಟ್ಟಿಗೆ ಸಾಮಗ್ರಿ ಕೊಟ್ಟಿದ್ದಾರೆ. ಕೈಬರಹದ ಸ್ವರಲಿಪಿ, ಹಳೆಯ ಅಚ್ಚಿನ ಸ್ಕೋರುಗಳು (ಸ್ವರಲಿಪಿ ಪುಸ್ತಕಗಳು), ಆರ್ಕೆಸ್ಟ್ರಾ ಭಾಗಗಳು (ಒಂದೊಂದು ವಾದ್ಯದ ಬಿಡಿ ಹಾಳೆಗಳು), 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ತಟ್ಟೆಗಳು, ಒಂದಿಷ್ಟು ಕಪ್ಪು ಲೋಹದ ತಟ್ಟೆಗಳು, ರೀಲ್ ಟೇಪು, ಕ್ಯಾಸೆಟ್, ಪತ್ರಗಳು ಎಲ್ಲವೂ ಕಲೆತುಹೋಗಿವೆ. ಹಸ್ತಪ್ರತಿಗಳೇ ಎಲ್ಲಕ್ಕಿಂತ ಹಳೆಯವು ಎಂದು ಅವುಗಳ ಸ್ಕ್ಯಾನಿಂಗ್ ಶುರು ಮಾಡಿದ್ದೇವೆ. ಟೇಪುಗಳು ಈಚಿನವು, ಕೊನೆಗೆ ನೋಡಿದರಾಯಿತು ಅಂದುಕೊಂಡಿದ್ದೇವೆ. ಈ ಕ್ರಮ ಸರಿಯೇ? ಸಾಮಗ್ರಿಯನ್ನು ನಮ್ಮ ಕಪಾಟುಗಳಿಗೆ ಹಂಚಬೇಕೇ, ಬೇರೆಯೇ ಇಡಬೇಕೇ? ಎರಡೆರಡು ಪ್ರತಿ ಇರುವುದನ್ನು ತೆಗೆದುಹಾಕಬಹುದೇ? ತಟ್ಟೆಗಳನ್ನು ತೊಳೆಯಬಹುದೇ?

ಉತ್ತರ: ಸ್ಕ್ಯಾನಿಂಗನ್ನು ಸದ್ಯಕ್ಕೆ ನಿಲ್ಲಿಸಿ. ಹಸ್ತಪ್ರತಿಗಳನ್ನು ಪೆಟ್ಟಿಗೆಯಲ್ಲಿ ಮಟ್ಟಸವಾಗಿ ಮಲಗಿಸಿ, ಬೆಳಕು ಬೀಳದ ಕಡೆ ಇಟ್ಟು ಟೇಪುಗಳ ಕಡೆ ಬನ್ನಿ. ನೀವು ಹಿಡಿದಿರುವುದು ವಯಸ್ಸಿನ ಲೆಕ್ಕ. ಸಂಗೀತ ಸಂಗ್ರಹದಲ್ಲಿ ನೋಡಬೇಕಾದದ್ದು ಯಾವುದು ಎಷ್ಟು ಬೇಗ ಕೆಡುತ್ತದೆ ಎಂಬ ಲೆಕ್ಕ. ಹತ್ತಿಬಟ್ಟೆ, ನಾರುಬಟ್ಟೆಯ ಚಿಂದಿಯಿಂದ ತಯಾರಾದ 1780ರ ಕಾಗದ ಒಣಗಿದ ಕೋಣೆಯಲ್ಲಿದ್ದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. 1978ರ ಟೇಪಿನ ಬಗ್ಗೆ ಇನ್ನೈದು ವರ್ಷಕ್ಕೂ ಅಂಥ ಭರವಸೆ ಕೊಡಲಾಗದು.

ಆದರೆ ಟೇಪಿಗೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಏನನ್ನೂ ವಿಂಗಡಿಸಬೇಡಿ. ಸಂಗ್ರಹಗಳು ಹಾಳಾಗುವುದು ಹೆಚ್ಚಾಗಿ ಬಂದ ಮೊದಲ ವಾರದಲ್ಲೇ, ಉತ್ಸಾಹದಿಂದ. ತಟ್ಟೆಗಳೆಲ್ಲ ಒಂದು ಕಡೆ, ಪತ್ರಗಳೆಲ್ಲ ಇನ್ನೊಂದು ಕಡೆ ಹೋದ ಮೇಲೆ, ಈ ಟೇಪಿನಲ್ಲಿ ಹಾಡಿದ್ದು ಯಾರು ಎಂದು ಹೇಳುವ ಪತ್ರ ಅದೇ ಪೆಟ್ಟಿಗೆಯಲ್ಲಿ ಅದರ ಪಕ್ಕದಲ್ಲೇ ಇತ್ತು ಎಂಬ ಸುಳಿವು ಮತ್ತೆ ಸಿಗುವುದಿಲ್ಲ. ಹಾಗಾಗಿ ಪೆಟ್ಟಿಗೆಗಳಿಗೆ 1ರಿಂದ 60ರವರೆಗೆ ಸಂಖ್ಯೆ ಕೊಡಿ. ಮುಚ್ಚಳ ತೆಗೆದು ಮೇಲಿನಿಂದ ಒಂದು ಫೋಟೋ, ಒಂದೊಂದು ಪದರ ಎತ್ತಿದಂತೆ ಇನ್ನೊಂದು ಫೋಟೋ ತೆಗೆಯಿರಿ. ಪ್ರತಿ ವಸ್ತುವಿಗೂ ಅದು ಯಾವ ಪೆಟ್ಟಿಗೆಯಿಂದ ಬಂತೆಂಬ ಸಂಖ್ಯೆಯನ್ನು ಮೃದು ಪೆನ್ಸಿಲಿನಿಂದ ಬರೆದ ಆಮ್ಲರಹಿತ ಚೀಟಿಯಲ್ಲಿ ಸೇರಿಸಿ. ಇಷ್ಟಾದ ಮೇಲೆ ತಟ್ಟೆ, ಟೇಪು, ಕಾಗದಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಇಡಬಹುದು. ಜಾಗ ಬೇರೆಯಾದರೂ ಪಟ್ಟಿಯಲ್ಲಿ ಅವು ಒಟ್ಟಿಗೇ ಇರುತ್ತವೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವೂ ಇದೇ: ಮಾಮೂಲಿ ಕಪಾಟಿಗೆ ಹಂಚಬೇಡಿ. ಒಬ್ಬ ವ್ಯಕ್ತಿ ಕೂಡಿಸಿದ್ದು ಒಂದು ಸಂಗ್ರಹವಾಗಿಯೇ, ಅವರ ಹೆಸರಿನಲ್ಲೇ ಉಳಿಯಲಿ. ಅವರು ಇಟ್ಟುಕೊಂಡಿದ್ದ ಕ್ರಮ ನಿಮಗೆ ವಿಚಿತ್ರವಾಗಿ ಕಂಡರೂ ಅದನ್ನು ದಾಖಲಿಸದೆ ಮುರಿಯಬೇಡಿ. ಸ್ಕೋರುಗಳನ್ನು ಕೃತಿಕಾರರ ಅಕಾರಾದಿಯಲ್ಲಿಡದೆ ಕಛೇರಿಯ ತಾರೀಖಿನ ಪ್ರಕಾರ ಇಟ್ಟಿದ್ದರೆ, ಆ ಕ್ರಮವೇ ಅವರ ವೃತ್ತಿಜೀವನದ ದಿನಚರಿ.

ಇದೇ ವಾರ ದಾನಪತ್ರವನ್ನೂ ಮಾಡಿಸಿಕೊಳ್ಳಿ. ವಸ್ತು ನಿಮ್ಮದಾದರೆ ಹಕ್ಕುಸ್ವಾಮ್ಯ ನಿಮ್ಮದಾಗುವುದಿಲ್ಲ. ಒಂದು ಟೇಪಿನಲ್ಲಿ ಕನಿಷ್ಠ ಮೂರು ಪದರ ಹಕ್ಕುಗಳಿರುತ್ತವೆ: ರಚನೆಯದು, ಹಾಡಿದವರ ಅಥವಾ ನುಡಿಸಿದವರದು, ಧ್ವನಿಮುದ್ರಣದ್ದು. ಪತ್ರದ ಹಕ್ಕು ಬರೆದವರದು, ಪಡೆದವರದಲ್ಲ. ಕುಟುಂಬ ಬಿಟ್ಟುಕೊಡಬಲ್ಲದ್ದು ತನ್ನ ಕೈಯಲ್ಲಿರುವ ಹಕ್ಕನ್ನು ಮಾತ್ರ. ಪ್ರತಿ ಮಾಡಿ ಸಂರಕ್ಷಿಸುವುದು, ಗ್ರಂಥಾಲಯದೊಳಗೆ ಕೇಳಿಸುವುದು, ಅಂತರ್ಜಾಲದಲ್ಲಿ ಹಾಕುವುದು ಈ ಮೂರಕ್ಕೂ ಬೇರೆ ಬೇರೆ ವಾಕ್ಯದಲ್ಲಿ ಒಪ್ಪಿಗೆ ಪಡೆಯಿರಿ. ಬೇಡದ ವಸ್ತುಗಳನ್ನು ಹಿಂದಿರುಗಿಸುವುದೋ ಬೇರೆಯವರಿಗೆ ಕೊಡುವುದೋ ಎಂಬುದನ್ನೂ ಅಲ್ಲೇ ಬರೆಸಿ. ಇದನ್ನು ಬಿಟ್ಟವರು ಹತ್ತು ವರ್ಷದ ಮೇಲೆ ಪರಿತಪಿಸುತ್ತಾರೆ.

ಇನ್ನು ತುರ್ತು. ನೀವು 'ಲೋಹದ ತಟ್ಟೆ' ಎಂದದ್ದನ್ನು ಓದಿ ಮೊದಲು ಕಳವಳವಾಯಿತು. ಅವು ಬಹುಶಃ ಲ್ಯಾಕರ್ ತಟ್ಟೆಗಳು. ನಡುವಿನ ರಂಧ್ರದ ಒಳಅಂಚನ್ನು ಬೆಳಕಿನಲ್ಲಿ ನೋಡಿ. ಅಲ್ಯುಮಿನಿಯಂ ಹೊಳೆದರೆ, ಲೇಬಲ್ ಕೈಬರಹದ್ದೋ ಟೈಪು ಮಾಡಿದ್ದೋ ಆಗಿದ್ದರೆ, ಲೇಬಲಿನ ಭಾಗದಲ್ಲಿ ಇನ್ನೊಂದೆರಡು ಚಿಕ್ಕ ತೂತುಗಳಿದ್ದರೆ ಅನುಮಾನವೇ ಬೇಡ. ಅಲ್ಯುಮಿನಿಯಂ ತಗಡಿನ ಮೇಲೆ ನೈಟ್ರೋಸೆಲ್ಯುಲೋಸ್ ಲೇಪ, ಆ ಲೇಪ ಮೆತುವಾಗಿರಲೆಂದು ಹರಳೆಣ್ಣೆ. ಟೇಪು ಬರುವ ಮುನ್ನ ರೇಡಿಯೋ ಕೇಂದ್ರಗಳು, ಸ್ಟುಡಿಯೋಗಳು ನೇರವಾಗಿ ಕೊರೆಯುತ್ತಿದ್ದದ್ದು ಇದರ ಮೇಲೆ. ಎರಡನೆಯ ಮಹಾಯುದ್ಧದಲ್ಲಿ ಅಲ್ಯುಮಿನಿಯಂ ಸಿಗದೆ ಗಾಜಿನ ಮೇಲೂ ಲೇಪ ಹಚ್ಚಿದರು. ಹಾಗಾಗಿ ಎತ್ತುವಾಗ ಎರಡೂ ಕೈ ಬಳಸಿ. ಇವು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಒತ್ತಿದ ತಟ್ಟೆಗಳಲ್ಲ, ಹೆಚ್ಚಿನವು ಜಗತ್ತಿನಲ್ಲಿ ಒಂದೇ ಒಂದು ಪ್ರತಿ ಇರುವಂಥವು.

ಕೆಡುವುದು ಹೀಗೆ: ವರ್ಷಗಳು ಕಳೆದಂತೆ ಹರಳೆಣ್ಣೆ ಲೇಪದಿಂದ ಹೊರಬರುತ್ತದೆ, ಅದರ ಕೊಬ್ಬಿನಾಮ್ಲಗಳು ಮೇಲೆ ಬಿಳಿ ಪುಡಿಯಾಗಿ ಕೂರುತ್ತವೆ. ಎಣ್ಣೆ ಕಳೆದುಕೊಂಡ ಲೇಪ ಕುಗ್ಗುತ್ತದೆ, ಕೆಳಗಿನ ಲೋಹ ಕುಗ್ಗುವುದಿಲ್ಲ. ಒಂದು ದಿನ ಲೇಪ ಒಣ ಕೆರೆಯ ತಳದಂತೆ ಬಿರಿದು ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಮುಂಚಿತ ಸೂಚನೆ ಏನೂ ಇರುವುದಿಲ್ಲ. ನಿನ್ನೆ ನುಡಿದ ತಟ್ಟೆ ಇಂದು ಬಿರಿದಿರಬಹುದು. ಬಿಳಿ ಪುಡಿಯನ್ನು ಬೂಷ್ಟು ಎಂದು ತಿಳಿದು ಒದ್ದೆ ಬಟ್ಟೆಯಲ್ಲಿ ಒರೆಸುವುದು ಸಾಮಾನ್ಯ ತಪ್ಪು. ಕೂದಲೆಳೆ ಬಿರುಕು ಬಿಟ್ಟ ಲೇಪದಡಿ ನೀರು ಹೋದರೆ ಅಲ್ಲಿಗೆ ಮುಗಿಯಿತು. ಮುಟ್ಟಬೇಡಿ, ನುಡಿಸಬೇಡಿ, ನೆಟ್ಟಗೆ ನಿಲ್ಲಿಸಿಡಿ, ಅನುಭವವಿರುವ ಆಡಿಯೋ ಸಂರಕ್ಷಕರಿಗೆ ಮೊದಲ ಕಂತಾಗಿ ಕಳಿಸಿ. ಲೇಪವಿಲ್ಲದ, ಗ್ರೂವಿನ (ಮುಳ್ಳು ಓಡುವ ಸುರುಳಿ ಗೀರಿನ) ಬದಲು ಉಬ್ಬು ಏಣಿರುವ ಲೋಹದ ತಟ್ಟೆ ಸಿಕ್ಕರೆ ಅದು ಕಾರ್ಖಾನೆಯ ಅಚ್ಚು. ಅದಕ್ಕೆ ಅವಸರವಿಲ್ಲ, ಆದರೆ ಮಾಮೂಲಿ ಮುಳ್ಳಿನಿಂದ ನುಡಿಸಲು ಹೋಗಬೇಡಿ.

ಟೇಪುಗಳಲ್ಲಿ ಎರಡು ಕಾಯಿಲೆಗಳಿವೆ, ಒಂದರ ಮದ್ದು ಇನ್ನೊಂದಕ್ಕೆ ವಿಷ. ಆದ್ದರಿಂದ ಯಾವ ಟೇಪು ಯಾವುದು ಎಂದು ಗುರುತಿಸುವುದೇ ಮುಖ್ಯ. ರೀಲನ್ನು ದೀಪದ ಎದುರು ಅಡ್ಡಲಾಗಿ ಹಿಡಿಯಿರಿ. ಸುತ್ತಿದ ಟೇಪಿನ ಮೂಲಕ ಬೆಳಕು ಮಬ್ಬಾಗಿ ಹಾಯ್ದರೆ ಅದು ಅಸಿಟೇಟ್ ಎಂಬ ಹಳೆಯ ಪ್ಲಾಸ್ಟಿಕ್ಕಿನ ಟೇಪು; ಹಾಯದಿದ್ದರೆ ಹೆಚ್ಚಾಗಿ ಪಾಲಿಯೆಸ್ಟರ್. ಹಳೆಯ ತುಂಡು ಸಿಕ್ಕರೆ ಎಳೆದು ನೋಡಬಹುದು: ಅಸಿಟೇಟ್ ಚಕ್ಕನೆ ಮುರಿಯುತ್ತದೆ, ಪಾಲಿಯೆಸ್ಟರ್ ಮುರಿಯುವ ಮುನ್ನ ಜಗ್ಗುತ್ತದೆ.

ಅಸಿಟೇಟಿನ ರೋಗ ಮೂಗಿಗೇ ಗೊತ್ತಾಗುತ್ತದೆ. ಪೆಟ್ಟಿಗೆ ತೆರೆದೊಡನೆ ವಿನೆಗರ್ ವಾಸನೆ ಬಂದರೆ ಅಸಿಟಿಕ್ ಆಮ್ಲ ಬಿಡುಗಡೆಯಾಗುತ್ತಿದೆ ಎಂದರ್ಥ. ಆ ಆಮ್ಲ ತಾನೇ ಮುಂದಿನ ಕೊಳೆತವನ್ನು ಚುರುಕು ಮಾಡುತ್ತದೆ, ಪಕ್ಕದ ರೀಲುಗಳಿಗೂ ಹರಡುತ್ತದೆ. ಮೂಗಿನ ಮೇಲೆ ನಂಬಿಕೆ ಸಾಲದಿದ್ದರೆ ಎ-ಡಿ ಸ್ಟ್ರಿಪ್ ಎಂಬ ಬಣ್ಣದ ಕಾಗದದ ಪಟ್ಟಿ ಸಿಗುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಕನಿಷ್ಠ ಒಂದು ದಿನ ಇಡಿ: ನೀಲಿಯಾಗಿಯೇ ಉಳಿದರೆ ಕ್ಷೇಮ, ಹಸಿರಾದರೆ ಶುರುವಾಗಿದೆ, ಹಳದಿಯಾದರೆ ತುರ್ತು. ರೋಗ ಹಿಡಿದ ರೀಲುಗಳನ್ನು ಬೇರೆ ಕೋಣೆಯಲ್ಲಿ, ಗಾಳಿಯಾಡುವಂತೆ, ತಂಪಾಗಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿದರೆ ಆಮ್ಲವನ್ನು ಒಳಗೇ ಕೂಡಿಹಾಕಿದಂತೆ.

ಎರಡನೆಯದು ಅಂಟುರೋಗ. 1970ರಿಂದ 90ರ ದಶಕದವರೆಗಿನ ಕೆಲವು ಪಾಲಿಯೆಸ್ಟರ್ ಟೇಪುಗಳಲ್ಲಿ, ಅದರಲ್ಲೂ ಹಿಂಬದಿಗೆ ಕಪ್ಪು ಲೇಪವಿರುವವುಗಳಲ್ಲಿ, ಕಾಂತೀಯ ಪುಡಿಯನ್ನು ಹಿಡಿದಿಡುವ ಪಾಲಿಯುರಿಥೇನ್ ಅಂಟು ಗಾಳಿಯ ತೇವ ಹೀರಿ ಒಡೆಯುತ್ತದೆ. ಟೇಪ್ ಓಡಿಸಿದರೆ ಕೀರಲು ಸದ್ದು ಬರುತ್ತದೆ, ಟೇಪನ್ನು ಓದುವ ಹೆಡ್ಡಿನ ಮೇಲೆ ಕಂದು ಮಡ್ಡಿ ಕೂರುತ್ತದೆ, ಕೆಲವೊಮ್ಮೆ ಟೇಪು ನಿಂತೇಬಿಡುತ್ತದೆ. ಆ ಕಂದು ಮಡ್ಡಿ ಕೊಳೆಯಲ್ಲ, ಸಂಗೀತವೇ ಕೆರೆದು ಬಂದದ್ದು. ಆದ್ದರಿಂದ ಮೊದಲು ಯಂತ್ರಕ್ಕೆ ಹಾಕದೆ ಕೈಯಲ್ಲಿ ಒಂದೆರಡು ಸುತ್ತು ಬಿಚ್ಚಿ ನೋಡಿ. ಪದರಗಳು ಒಂದಕ್ಕೊಂದು ಅಂಟಿ ಏಳುತ್ತಿದ್ದರೆ ನಿಲ್ಲಿಸಿ. ಇದಕ್ಕೆ ಮದ್ದು ಹದವಾದ ಶಾಖ: ನಿಖರ ನಿಯಂತ್ರಣವಿರುವ ಪ್ರಯೋಗಾಲಯದ ಒವನ್‌ನಲ್ಲಿ 50ರಿಂದ 55 ಡಿಗ್ರಿ ಸೆಲ್ಸಿಯಸ್, ಕಾಲಂಗುಲ ಅಗಲದ ಟೇಪಿಗೆ ಎಂಟು ತಾಸು ಅಥವಾ ಹೆಚ್ಚು, ಆಮೇಲೆ ಅಷ್ಟೇ ನಿಧಾನವಾಗಿ ತಣಿಸುವುದು. ಪರಿಣಾಮ ಕೆಲವು ವಾರ ಮಾತ್ರ ಇರುತ್ತದೆ, ಅಷ್ಟರೊಳಗೆ ಡಿಜಿಟಲ್ ಪ್ರತಿ ಆಗಬೇಕು. ಅಡುಗೆಮನೆಯ ಒವನ್‌ ಬೇಡ. ಅದು 50 ಎಂದು ತೋರಿಸುತ್ತ 80ಕ್ಕೆ ಹಾರುತ್ತದೆ. ಅಸಿಟೇಟ್ ಟೇಪನ್ನಂತೂ ಎಂದಿಗೂ ಕಾಯಿಸಬಾರದು. ವಿಷ ಎಂದೆನಲ್ಲ, ಅದು ಇದಕ್ಕೇ.

ರೋಗವಿಲ್ಲದ ಟೇಪಿಗೂ ಕಾಲ ಕಡಿಮೆ, ಏಕೆಂದರೆ ಅದನ್ನು ನುಡಿಸುವ ಯಂತ್ರ, ಬಿಡಿಭಾಗ, ಅದನ್ನು ಸರಿಮಾಡಬಲ್ಲ ಕೈ ಮೂರೂ ಅಪರೂಪವಾಗುತ್ತಿವೆ. ಯುನೆಸ್ಕೋ ಮತ್ತು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐಎಎಸ್‌ಎ 2019ರಲ್ಲಿ ಸೇರಿ ನಡೆಸಿದ ಸಮೀಕ್ಷೆ ಎತ್ತಿದ್ದು ಇದೇ ಎಚ್ಚರಿಕೆಯನ್ನು. ಕ್ಯಾಸೆಟ್, ಡಿಎಟಿ (ಡಿಜಿಟಲ್ ಆಡಿಯೋ ಟೇಪು), ಮನೆಯಲ್ಲಿ ಬರೆದ ಸಿಡಿ-ಆರ್‌ಗಳೂ ಇದೇ ಸಾಲಿನವು. ಕ್ಯಾಸೆಟ್ಟಿನ ಬೆನ್ನಿನ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಇವತ್ತೇ ಮುರಿದುಹಾಕಿ, ಯಾರೂ ಮರೆತು ಮೇಲೆ ರೆಕಾರ್ಡ್ ಮಾಡದಿರಲಿ.

ಡಿಜಿಟಲ್ ಪ್ರತಿಗೆ ಐಎಎಸ್‌ಎ ಶಿಫಾರಸನ್ನೇ ಹಿಡಿಯಿರಿ: 96 ಕಿಲೋಹರ್ಟ್ಸ್, 24 ಬಿಟ್, ಬ್ರಾಡ್‌ಕಾಸ್ಟ್ ವೇವ್ ಕಡತ, 48 ಕಿಲೋಹರ್ಟ್ಸಿಗಿಂತ ಕೆಳಗೆ ಇಳಿಯಬೇಡಿ. ಸ್ಟೀರಿಯೋದಲ್ಲಿ ಒಂದು ತಾಸಿಗೆ ಸುಮಾರು 2 ಗಿಗಾಬೈಟ್ ಆಗುತ್ತದೆ, 300 ತಾಸಿನ ಸಂಗ್ರಹಕ್ಕೆ 600. ಮೂರು ಪ್ರತಿ ಇಡಬೇಕು, ಅದರಲ್ಲಿ ಒಂದು ಬೇರೆ ಕಟ್ಟಡದಲ್ಲಿ. ಪ್ರತಿ ಕಡತಕ್ಕೂ ಚೆಕ್‌ಸಮ್ (ಕಡತ ಬದಲಾದರೆ ತಾನೂ ಬದಲಾಗುವ ಲೆಕ್ಕದ ಸಂಖ್ಯೆ) ತೆಗೆದಿಟ್ಟು ವರ್ಷಕ್ಕೊಮ್ಮೆ ತಾಳೆ ನೋಡಿ. ಸಂರಕ್ಷಣಾ ಪ್ರತಿಯಲ್ಲಿ ಗರಗರ ಸದ್ದು ತೆಗೆಯುವ ಸಾಫ್ಟ್‌ವೇರ್ ಬಳಸಲೇಬಾರದು. ಅದು ಗರಗರದ ಜೊತೆಗೆ ತಂತಿಯ ಮೇಲೆ ಬೆರಳು ಜಾರಿದ ಸದ್ದನ್ನೂ ಒಯ್ಯುತ್ತದೆ. ಶುಚಿಗೊಳಿಸಿದ್ದು ಬೇಕಿದ್ದರೆ ಕೇಳುವ ಪ್ರತಿಯಾಗಿ ಬೇರೆ ಮಾಡಿ.

ಟೇಪಿನ ಪೆಟ್ಟಿಗೆಯ ಮೇಲಿನ ಬರಹವನ್ನು ಪೂರ್ತಿ ನಂಬಬೇಡಿ. ವೇಗ ಸೆಕೆಂಡಿಗೆ 19 ಸೆಂಮೀ ಎಂದಿದ್ದು ನಡುವೆ 9.5ಕ್ಕೆ ಬದಲಾಗಿರುವುದುಂಟು, ಟೇಪು ಉಳಿಸುವ ಆಸೆ ಎಲ್ಲ ಕಾಲದಲ್ಲೂ ಇತ್ತು. ಸಂಗೀತದ ಹಿಂದೆ ಇನ್ನೊಂದು ಧ್ವನಿ ತಿರುಗುಮುರುಗಾಗಿ ಕೇಳಿದರೆ ಟೇಪು ಕೆಟ್ಟಿಲ್ಲ: ಎರಡು ದಿಕ್ಕಿನಲ್ಲಿ ಮುದ್ರಿಸಿದ ಅರ್ಧ ಅಥವಾ ಕಾಲು ಟ್ರ್ಯಾಕಿನ (ಒಂದು ಮುದ್ರಣ ಟೇಪಿನ ಅಗಲದ ಅಷ್ಟೇ ಭಾಗದಲ್ಲಿರುವ) ಟೇಪನ್ನು ಅಗಲ ಹೆಡ್ಡಿನಲ್ಲಿ ಓದುತ್ತಿದ್ದೀರಿ. ಸದ್ದು ಮಂಕಾಗಿದ್ದರೆ ಹೆಡ್ಡಿನ ಓರೆ, ಅಂದರೆ ಅಜಿಮತ್, ಆ ಟೇಪಿಗೆ ಹೊಂದುತ್ತಿಲ್ಲ. ಪ್ರತಿ ರೀಲಿಗೂ ಅದನ್ನು ಹೊಸದಾಗಿ ಹೊಂದಿಸಬೇಕು: ಮೊನೋಗೆ ಹಾಕಿ, ಮೇಲಿನ ಕಂಪನಗಳು ಅತ್ಯಂತ ಸ್ಪಷ್ಟವಾಗುವವರೆಗೆ ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಇಷ್ಟು ಮಾಡದೆ ಆಮೇಲೆ ಈಕ್ವಲೈಜರ್‌ನಲ್ಲಿ ಎತ್ತಲು ಹೋದರೆ ಹಿಸ್ಸೆನ್ನುವ ಸದ್ದು ಏಳುತ್ತದೆಯೇ ಹೊರತು ಸಂಗೀತ ಏಳುವುದಿಲ್ಲ.

78ರ ತಟ್ಟೆಗಳು ನಿಮಗೆ ಸಮಯ ಕೊಡುತ್ತವೆ. ಅರಗು ಮತ್ತು ನುಣ್ಣನೆ ಕಲ್ಲುಪುಡಿ ಕಲಸಿ ಒತ್ತಿದ ಅವು ಬಿದ್ದರೆ ಒಡೆಯುತ್ತವೆ, ಹಾಗೆಯೇ ಬಿಟ್ಟರೆ ಬಹುಕಾಲ ಇರುತ್ತವೆ. ನೆಟ್ಟಗೆ ನಿಲ್ಲಿಸಿ, ವಾಲಬಾರದು, ಬಿಗಿಯಾಗಲೂಬಾರದು, ಪ್ರತಿ 10–15 ಸೆಂಮೀಗೆ ಪೂರ್ತಿ ಎತ್ತರದ ಅಡ್ಡಹಲಗೆ ಇರಲಿ. ಹತ್ತಂಗುಲದ ನೂರು ತಟ್ಟೆ ಸುಮಾರು 20 ಕಿಲೋ ತೂಗುತ್ತದೆ. ಪುಸ್ತಕದ ಕಪಾಟು ಅದನ್ನು ಹೊರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಗಾತ್ರಗಳನ್ನು ಬೆರೆಸಿ ನಿಲ್ಲಿಸಿದರೆ 12 ಅಂಗುಲದ್ದು ಪಕ್ಕದ 10 ಅಂಗುಲದ್ದರ ಅಂಚಿನ ಮೇಲೆ ಒರಗಿ ಬಿರುಕು ಬಿಡುತ್ತದೆ. ಹಳೆಯ ಕಂದು ಲಕೋಟೆ ಆಮ್ಲೀಯ, ಅದರ ಬದಲು ಆಮ್ಲರಹಿತ ಲಕೋಟೆ ಹಾಕಿ. ಹಳೆಯದನ್ನು ಎಸೆಯಬೇಡಿ, ಅಂಗಡಿಯ ಮುದ್ರೆ, ಕೊಂಡ ತಾರೀಖು ಅದರ ಮೇಲೆಯೇ ಇರುತ್ತದೆ. ಪಿವಿಸಿ ಲಕೋಟೆ ಮಾತ್ರ ಯಾವುದಕ್ಕೂ ಬೇಡ.

ತೊಳೆಯಬಹುದೇ? ಅರಗಿನ ತಟ್ಟೆಯನ್ನು ತೊಳೆಯಬಹುದು. ಬಟ್ಟಿ ಇಳಿಸಿದ ನೀರು, ಅದಕ್ಕೆ ಒಂದೆರಡು ಹನಿ ಅಯಾನಿಕ್ ಅಲ್ಲದ ಮಾರ್ಜಕ, ಮೆತ್ತನೆ ಬ್ರಷ್. ಗ್ರೂವಿನ ದಿಕ್ಕಿನಲ್ಲೇ ಉಜ್ಜಿ, ಬರಿ ಬಟ್ಟಿನೀರಿನಲ್ಲಿ ಜಾಲಿಸಿ, ಕೂಡಲೇ ನೀರು ಹೀರಿ ತೆಗೆದು ನೆರಳಲ್ಲಿ ಆರಿಸಿ. ಲೇಬಲಿಗೆ ಹನಿಯೂ ತಾಗದಿರಲಿ. ನೆನೆಹಾಕಬೇಡಿ, ಒಳಗಿನ ಪುಡಿ ನೀರು ಹೀರಿ ಉಬ್ಬುತ್ತದೆ. ಎಲ್‌ಪಿ ತೊಳೆಯಲೆಂದು ಮಾರುವ ದ್ರಾವಣಗಳಲ್ಲಿ ಹಲವು ಆಲ್ಕೊಹಾಲ್ ಬೆರೆಸಿದವು. ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆ, ಮರಕ್ಕೆ ಹಚ್ಚುವ ಪಾಲಿಶನ್ನು ಮಾಡುವುದೇ ಹಾಗೆ. ಒಂದೇ ಒರೆಸಿಗೆ ಹೊಳಪು ಹೋಗಿ ಗ್ರೂವಿನ ಗೋಡೆ ಮೆತ್ತಗಾಗುತ್ತದೆ.

ನುಡಿಸುವಾಗ ಎಲ್‌ಪಿಯ ಮುಳ್ಳು ಬಳಸಬೇಡಿ. ಅದರ ತುದಿಯ ತ್ರಿಜ್ಯ ಸುಮಾರು 18–25 ಮೈಕ್ರಾನ್. 78ಕ್ಕೆ 50ರಿಂದ 90 ಮೈಕ್ರಾನ್ ಬೇಕು. ಸಣ್ಣ ಮುಳ್ಳು ಗ್ರೂವಿನ ಗೋಡೆಗಳನ್ನು ಹಿಡಿಯದೆ ತಳದ ಕೊಳೆಯನ್ನು ಕೆರೆಯುತ್ತ ಹೋಗುತ್ತದೆ. ಒಳ್ಳೆಯ ಪ್ರಯೋಗಾಲಯಗಳು ಐದಾರು ಗಾತ್ರದ ಮುಳ್ಳು ಇಟ್ಟುಕೊಂಡು, ಸವೆಯದ ಎತ್ತರದಲ್ಲಿ ಗೋಡೆಯನ್ನು ಹಿಡಿಯುವುದನ್ನು ಆರಿಸುತ್ತವೆ.

ವೇಗದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಪಟ್ಟಿಗಳಲ್ಲಿ ಶ್ರುತಿ ತಪ್ಪಾಗಿ ದಾಖಲಾಗುವುದು ಇದರಿಂದಲೇ. '78' ಎಂಬುದು ಆಮೇಲೆ ನಿಂತ ಸಂಖ್ಯೆ. 60 ಹರ್ಟ್ಸ್ ವಿದ್ಯುತ್ತಿರುವ ದೇಶಗಳಲ್ಲಿ ಅದು 78.26, 50 ಹರ್ಟ್ಸಿನಲ್ಲಿ 77.92. ಮೊದಲ ದಶಕಗಳಲ್ಲಿ 70ರಿಂದ 90ರವರೆಗೆ ಎಲ್ಲೋ ಒಂದು ಕಡೆ ಇರುತ್ತಿತ್ತು. ಎಡಿಸನ್ನರ ದಪ್ಪ ಡೈಮಂಡ್ ತಟ್ಟೆಗಳು 80. ಅವು ಮತ್ತು ಪಾಥೆ ಕಂಪನಿಯ ಹಳೆಯ ತಟ್ಟೆಗಳಲ್ಲಿ ಮುಳ್ಳು ಅಕ್ಕಪಕ್ಕ ಅಲುಗದೆ ಮೇಲೆ ಕೆಳಗೆ ಅಲುಗುತ್ತದೆ, ಮಾಮೂಲಿ ಜೋಡಣೆಯಲ್ಲಿ ನುಡಿಸಿದರೆ ಸದ್ದೇ ಬಂದಂತಿಲ್ಲ. ಈಗ 74ರಲ್ಲಿ ಮುದ್ರಿಸಿದ ತಟ್ಟೆಯನ್ನು 78.26ರಲ್ಲಿ ತಿರುಗಿಸಿದರೆ ಏನಾಗುತ್ತದೆ ನೋಡಿ: ಶೇ. 5.8ರಷ್ಟು ಏರಿಕೆ, ಅಂದರೆ ಹೆಚ್ಚುಕಡಿಮೆ ಒಂದು ಅರ್ಧಸ್ವರ. ಮೂರು ನಿಮಿಷದ ಹಾಡು ಹತ್ತು ಸೆಕೆಂಡು ಬೇಗ ಮುಗಿಯುತ್ತದೆ, ಗಂಭೀರ ಕಂಠ ತೆಳ್ಳಗಾಗುತ್ತದೆ, ಗಮಕ ಅವಸರದ್ದಾಗುತ್ತದೆ. ಕೇಳಿದವರು 'ಆ ಕಾಲದವರ ಕಂಠವೇ ಹಾಗೆ' ಎಂದು ಬರೆದುಬಿಡುತ್ತಾರೆ. ಸ್ಥಿರ ಶ್ರುತಿಯ ವಾದ್ಯ ಜೊತೆಗಿದ್ದರೆ ಅದರಿಂದ ವೇಗ ಊಹಿಸಬಹುದು. ಇಲ್ಲದಿದ್ದರೆ ಊಹಿಸಬೇಡಿ, ಯಾವ ವೇಗದಲ್ಲಿ ಪ್ರತಿ ಮಾಡಿದಿರಿ ಎಂದು ಬರೆದಿಡಿ, ಮುಂದಿನವರು ತಿದ್ದಿಕೊಳ್ಳಲಿ. ಈಕ್ವಲೈಜೇಶನ್ನಿಗೂ, ಅಂದರೆ ಮುದ್ರಿಸುವಾಗ ಒಂದು ರೇಖೆಯ ಪ್ರಕಾರ ತಗ್ಗಿಸಿದ ಕೆಳಸ್ವರಗಳನ್ನೂ ಏರಿಸಿದ ಮೇಲುಸ್ವರಗಳನ್ನೂ ನುಡಿಸುವಾಗ ಸರಿದೂಗಿಸುವುದಕ್ಕೂ, ಇದೇ ನೀತಿ. ಕಂಪನಿಗಳೆಲ್ಲ ಒಂದೇ ರೇಖೆಗೆ ಬಂದದ್ದು 1954ರ ಸುಮಾರಿಗೆ. 1925ರಲ್ಲಿ ವಿದ್ಯುತ್ ಮುದ್ರಣ ಬರುವ ಮುಂಚಿನ ತಟ್ಟೆಗಳಿಗೆ ಅಂಥ ರೇಖೆಯೇ ಇಲ್ಲ. ಯಾವ ತಿದ್ದುಪಡಿಯೂ ಇಲ್ಲದೆ ಸಪಾಟಾಗಿ ಇಳಿಸಿಕೊಂಡು, ಬೇಕಾದದ್ದನ್ನು ಆಮೇಲೆ ಅನ್ವಯಿಸಿ.

ಎರಡೆರಡು ಪ್ರತಿಯ ಪ್ರಶ್ನೆಗೂ ಉತ್ತರ ತಟ್ಟೆಯ ಮೇಲೇ ಇದೆ. ಲೇಬಲಿನ ಸುತ್ತ ಗ್ರೂವಿಲ್ಲದ ನುಣುಪು ವೃತ್ತವನ್ನು ಓರೆ ಬೆಳಕಿನಲ್ಲಿ ನೋಡಿ, ಒತ್ತಿದ ಅಥವಾ ಗೀಚಿದ ಅಂಕಿಗಳು ಕಾಣುತ್ತವೆ. ಅದು ಮ್ಯಾಟ್ರಿಕ್ಸ್ ಸಂಖ್ಯೆ, ಅಂದರೆ ಅಚ್ಚಿನ ಸಂಖ್ಯೆ, ಅದರ ಬಾಲದಲ್ಲಿರುವುದು ಟೇಕ್ ಸಂಖ್ಯೆ. ಲೇಬಲ್ ಒಂದೇ, ಮಾರಾಟದ ಸಂಖ್ಯೆ ಒಂದೇ, ಟೇಕ್ ಬೇರೆ ಎಂದರೆ ಅದೇ ಹಾಡನ್ನು ಅದೇ ಕಲಾವಿದರು ಇನ್ನೊಮ್ಮೆ ಹಾಡಿದ್ದು. ಒಂದು ಅಚ್ಚು ಸವೆದಾಗ ಕಂಪನಿಗಳು ಸದ್ದಿಲ್ಲದೆ ಇನ್ನೊಂದು ಟೇಕನ್ನು ಅದೇ ಸಂಖ್ಯೆಯಲ್ಲಿ ಮಾರುತ್ತಿದ್ದವು. ಪಟ್ಟಿಯಲ್ಲಿ ಪ್ರತಿ ಪಕ್ಕಕ್ಕೂ ಕಂಪನಿ, ಮಾರಾಟದ ಸಂಖ್ಯೆ, ಮ್ಯಾಟ್ರಿಕ್ಸ್, ಟೇಕ್ ಈ ನಾಲ್ಕೂ ಇರಬೇಕು. ನಾಲ್ಕೂ ತಾಳೆಯಾದರೂ ಕಡಿಮೆ ಸವೆದ ಪ್ರತಿಯನ್ನು ಉಳಿಸಿಕೊಳ್ಳಿ, ಇನ್ನೊಂದರ ಬಗ್ಗೆ ದಾನಪತ್ರ ಏನನ್ನುತ್ತದೆ ನೋಡಿ.

ಅಚ್ಚಿನ ಸ್ಕೋರುಗಳಲ್ಲೂ ಇದೇ ಕಥೆ. ವೆನಿಸ್ಸಿನಲ್ಲಿ ಮುದ್ರಕ ಪೆಟ್ರುಚ್ಚಿ 1501ರಲ್ಲಿ ಬಿಡಿ ಅಚ್ಚುಮೊಳೆಗಳಿಂದ ಬಹುಧ್ವನಿ ಸಂಗೀತ ಮುದ್ರಿಸಿದ್ದು ಹೌದಾದರೂ, ನಿಮ್ಮ ಕೈಗೆ ಬರುವ 18–19ನೇ ಶತಮಾನದ ಪ್ರತಿಗಳು ಹೆಚ್ಚಾಗಿ ಲೋಹದ ಫಲಕದಲ್ಲಿ ಕೊರೆದು ಒತ್ತಿದವು. ಅವುಗಳ ಮುಖಪುಟದಲ್ಲಿ ಇಸವಿ ಇರುವುದೇ ಅಪರೂಪ; ಹಳತೆನಿಸಿದರೆ ಮಾರಾಟವಾಗದು ಎಂಬ ವ್ಯಾಪಾರಿ ಬುದ್ಧಿ. ಕಾಲ ಹೇಳುವುದು ಪ್ರತಿ ಪುಟದ ಅಡಿಯಲ್ಲಿರುವ ಫಲಕ ಸಂಖ್ಯೆ ಮತ್ತು ಪ್ರಕಾಶಕರ ವಿಳಾಸ. ಪ್ರಕಾಶಕರು ಬೀದಿ ಬದಲಿಸಿದ ವರ್ಷಗಳು ಸಂಶೋಧಕರ ಪಟ್ಟಿಗಳಲ್ಲಿವೆ. ಆದರೆ ಫಲಕ ಸಂಖ್ಯೆ ಹೇಳುವುದು ಫಲಕ ಕೊರೆದ ಕಾಲವನ್ನು, ಒತ್ತಿದ ಕಾಲವನ್ನಲ್ಲ. ಅದೇ ಫಲಕದಿಂದ ಮೂವತ್ತು ವರ್ಷ ಒತ್ತಿದ್ದೂ ಇದೆ. ಪುಟದ ಸುತ್ತ ಫಲಕದ ಅಂಚು ಒತ್ತಿದ ತಗ್ಗು ಕೈಗೆ ಸಿಗುತ್ತದೆಯೇ ಸವರಿ ನೋಡಿ. ಸಿಗದೆ ನುಣುಪಾಗಿದ್ದರೆ ಅದು ಕಲ್ಲಚ್ಚಿನಲ್ಲಿ ಆಮೇಲೆ ಮಾಡಿದ ಮರುಮುದ್ರಣ ಇರಬಹುದು. ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ ಪುಟದ ಮೇಲೆ ಕೂದಲೆಳೆಯ ಕಪ್ಪು ಗೆರೆ ಓಡಿದ್ದರೆ ಅದು ಫಲಕದ ಬಿರುಕು, ಆ ಪ್ರತಿ ಈಚಿನದು. ಬಿರುಕು ಬೀಳುವ ಮುಂಚಿನ ಪ್ರತಿಯಲ್ಲಿ ಕೃತಿಕಾರರು ತಿದ್ದಿಸದ ಸ್ವರಗಳೂ ಇರಬಹುದು. ಇಂಥ ಎರಡನ್ನು 'ಡೂಪ್ಲಿಕೇಟ್' ಎಂದು ಗುಡಿಸಿಹಾಕಬೇಡಿ.

ಆರ್ಕೆಸ್ಟ್ರಾ ಭಾಗಗಳಲ್ಲಿ ಪೆನ್ಸಿಲ್ ಗುರುತುಗಳಿರುತ್ತವೆ: ಬಿಲ್ಲು ಮೇಲೆ, ಬಿಲ್ಲು ಕೆಳಗೆ, ಇಷ್ಟು ಬಿಡಿ, ಇಲ್ಲಿ ಉಸಿರು, ಕೊನೆಗೆ ಕಛೇರಿಯ ತಾರೀಖು. ಅಳಿಸುವ ರಬ್ಬರನ್ನು ಕೋಣೆಯಿಂದಲೇ ಹೊರಗಿಡಿ. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ತನ್ನ ವೃಂದ ನಡೆಸುವ ಕಂಡಕ್ಟರುಗಳು ಗುರುತು ಹಾಕಿದ ಸ್ಕೋರುಗಳನ್ನೂ ವಾದಕರ ಭಾಗಗಳನ್ನೂ ಡಿಜಿಟಲ್ ಮಾಡಿ ತೆರೆದಿಟ್ಟಿರುವುದು ಆ ಗೀಚುಗಳಿಗಾಗಿಯೇ. ಅಚ್ಚಾದ ಸ್ವರ ಬೇರೆ ಕಡೆಯೂ ಸಿಗುತ್ತದೆ, ಗೀಚು ಸಿಗುವುದಿಲ್ಲ.

ಈಗ ಹಸ್ತಪ್ರತಿಗಳು. ಬಹುತೇಕ ಕಾಯಬಲ್ಲವು ಎಂದೆ, ಆದರೆ ಎರಡು ಬಗೆ ಕಾಯಲಾರವು. ಒಂದು, ಕಬ್ಬಿಣ-ಮಾಚಿಕಾಯಿ ಶಾಯಿಯಲ್ಲಿ ಬರೆದು ಕಂದು ತಿರುಗಿದವು. ಆ ಶಾಯಿಯಲ್ಲೇ ಗಂಧಕಾಮ್ಲ ಹುಟ್ಟುತ್ತದೆ, ಕರಗುವ ಕಬ್ಬಿಣದ ಅಯಾನುಗಳು ಕಾಗದದ ನಾರನ್ನು ಸುಡುತ್ತವೆ. ಸಂಗೀತದ ಹಸ್ತಪ್ರತಿ ಪತ್ರಕ್ಕಿಂತ ಬೇಗ ಕೆಡಲು ಕಾರಣವಿದೆ: ಅಕ್ಷರ ತೆಳು ಗೆರೆ, ಸ್ವರದ ತಲೆ ಶಾಯಿಯ ದಪ್ಪ ಚುಕ್ಕೆ. ಚುಕ್ಕೆ ಇದ್ದಲ್ಲೇ ಕಾಗದ ಉದುರಿ ತೂತಾಗುತ್ತದೆ, ಸ್ವರವೇ ಇಲ್ಲದ ಐದು ಗೆರೆ ಉಳಿಯುತ್ತದೆ. ಬರ್ಲಿನ್ ಸ್ಟೇಟ್ ಲೈಬ್ರರಿಯಲ್ಲಿರುವ ಬಾಖ್‌ನ ಹಸ್ತಪ್ರತಿಗಳಿಗೆ ಬಂದದ್ದು ಇದೇ ಗತಿ. ಅವುಗಳಲ್ಲಿ ಹಲವು ಹಾಳೆಗಳನ್ನು ದಪ್ಪದಲ್ಲೇ ಎರಡಾಗಿ ಸೀಳಿ, ನಡುವೆ ತೆಳುವಾದ ಗಟ್ಟಿ ಕಾಗದ ಸೇರಿಸಿ ಮತ್ತೆ ಅಂಟಿಸಿ ಉಳಿಸಿದ್ದಾರೆ. ನಿಮ್ಮ ಕೈಯಲ್ಲಿ ಅದಾಗದು. ಹಾಳೆಯ ಹಿಂದೆ ಶಾಯಿ ಇಣುಕಿದೆಯೇ, ಹಿಡಿದರೆ ಚುಕ್ಕೆಗಳ ಸುತ್ತ ಬಿರುಕಿದೆಯೇ ಎಂದಷ್ಟೇ ನೋಡಿ. ಇದ್ದರೆ ಹಾಳೆಯನ್ನು ಬಗ್ಗಿಸದೆ, ಅಡಿಗೆ ರಟ್ಟು ಕೊಟ್ಟು ಎತ್ತಿ, ಸ್ಕ್ಯಾನರಿಗೆ ಬೋರಲು ಹಾಕದೆ ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಯಿರಿ. ತೇವ ಕೊಟ್ಟು ಸುಕ್ಕು ಬಿಡಿಸುವ ಪ್ರಯತ್ನ ಬೇಡ, ನೀರಿನ ಜೊತೆ ಆಮ್ಲವೂ ಹರಿದು ಹರಡುತ್ತದೆ.

ಇನ್ನೊಂದು, 20ನೇ ಶತಮಾನದ ಓಜಲಿಡ್ ಪ್ರತಿಗಳು. ಅರೆಪಾರದರ್ಶಕ ಕಾಗದದಲ್ಲಿ ಬರೆದು ಅಮೋನಿಯಾ ವಿಧಾನದಲ್ಲಿ ಪ್ರತಿ ತೆಗೆಯುತ್ತಿದ್ದರು. ನೇರಳೆ ಅಥವಾ ಕಂದು ಗೆರೆ, ಹಳದಿಗೆ ತಿರುಗುವ ಹಿನ್ನೆಲೆ, ಮೂಗಿಗೆ ಬಡಿಯುವ ರಾಸಾಯನಿಕ ವಾಸನೆ. ಬೆಳಕಿನಲ್ಲಿ ಮಾಸಿಯೇ ಹೋಗುತ್ತವೆ, ಪಕ್ಕದ ಕಾಗದಕ್ಕೂ ಕಲೆ ಹತ್ತಿಸುತ್ತವೆ. ಬೇರೆ ಕವಚದಲ್ಲಿಡಿ, ಬೇಗ ಸ್ಕ್ಯಾನ್ ಮಾಡಿ.

ಮಿಕ್ಕ ಕಾಗದಕ್ಕೆ ಮಾಡಬೇಕಾದದ್ದು ಸರಳ. ತುಕ್ಕು ಹಿಡಿದ ಗುಂಡುಸೂಜಿ, ರಬ್ಬರ್ ಬ್ಯಾಂಡ್ ತೆಗೆಯಿರಿ, ಸೆಲ್ಲೋಟೇಪನ್ನು ಕೀಳದೆ ಬಿಡಿ, ಆಮ್ಲರಹಿತ ಕವಚಕ್ಕೆ ಹಾಕಿ. 18ರಿಂದ 20 ಡಿಗ್ರಿ, ಶೇ. 40ರಿಂದ 50 ಆರ್ದ್ರತೆ ಒಳ್ಳೆಯದು. ಅಷ್ಟು ಸಾಧ್ಯವಾಗದಿದ್ದರೆ ಏರಿಳಿತವಾದರೂ ಇಲ್ಲದಂತೆ ನೋಡಿ. ಹಗಲು ಎಸಿ ಓಡಿಸಿ ರಾತ್ರಿ ನಿಲ್ಲಿಸುವುದು ಎಸಿಯೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಆರ್ದ್ರತೆ ಶೇ. 65 ದಾಟಿ ನಿಂತರೆ ಬೂಷ್ಟು ಬಂದೇ ಬರುತ್ತದೆ. ಹತ್ತಿಯ ಬಿಳಿ ಕೈಗವಸು ಕಾಗದಕ್ಕೆ ಬೇಡ, ಬೆರಳಿಗೆ ಸ್ಪರ್ಶ ತಿಳಿಯದೆ ಹಾಳೆ ಹರಿಯುವುದೇ ಹೆಚ್ಚು. ತೊಳೆದು ಒರೆಸಿದ ಕೈ ಸಾಕು.

ಕ್ಯಾಟಲಾಗನ್ನು ಒಂದೊಂದೇ ವಸ್ತುವಿನಿಂದ ಶುರು ಮಾಡಿದರೆ ಮೂರನೆಯ ಪೆಟ್ಟಿಗೆಯಲ್ಲಿ ಸುಸ್ತಾಗುತ್ತೀರಿ. ಮೊದಲು ಇಡೀ ಸಂಗ್ರಹಕ್ಕೆ ಒಂದು ಪುಟ: ಯಾರದು, ಯಾವ ಕಾಲದ್ದು, ಎಷ್ಟು ಮೀಟರ್ ಕಾಗದ, ಎಷ್ಟು ತಟ್ಟೆ, ಎಷ್ಟು ತಾಸು ಟೇಪು. ಆಮೇಲೆ ಪೆಟ್ಟಿಗೆವಾರು ಪಟ್ಟಿ. ವಸ್ತುವಾರು ವಿವರ ಅದಕ್ಕೆ ಅರ್ಹವಾದವುಗಳಿಗೆ ಮಾತ್ರ. ಒಂದು ಪುಟದ ವಿವರಣೆಯನ್ನಾದರೂ ಬೇಗ ಪ್ರಕಟಿಸಬೇಕೆನ್ನಲು ಕಾರಣವಿದೆ: ಬೀಥೋವನ್ ನಾಲ್ಕು ತಂತಿವಾದ್ಯಗಳಿಗೆ ರಚಿಸಿದ್ದ ತನ್ನ 'ಗ್ರೋಸ್ಸೆ ಫ್ಯೂಗ್' ಅನ್ನು ನಾಲ್ಕು ಕೈಗಳ ಪಿಯಾನೋಗೆ ಸ್ವತಃ ಹೊಂದಿಸಿ ಬರೆದ ಹಸ್ತಪ್ರತಿ 2005ರಲ್ಲಿ ಪೆನ್ಸಿಲ್ವೇನಿಯಾದ ಒಂದು ಧರ್ಮಶಾಸ್ತ್ರ ಶಾಲೆಯ ಬೀರುವಿನಲ್ಲಿ ಸಿಕ್ಕಿತು. ಅಲ್ಲಿಯವರೆಗೆ ಅದು ಕಳೆದುಹೋಗಿದೆ ಎಂದೇ ಲೆಕ್ಕ.

ಹೆಸರಿಲ್ಲದ ಕೈಬರಹದ ಸ್ವರಲಿಪಿ ಸಿಕ್ಕರೆ ಮೊದಲ ಐದಾರು ಬಾರ್‌ಗಳನ್ನು (ಲಂಬ ಗೆರೆಗಳ ನಡುವಿನ ಸ್ವರಭಾಗಗಳನ್ನು) ಪ್ಲೇನ್ ಆ್ಯಂಡ್ ಈಸಿ ಸಂಕೇತದಲ್ಲಿ ಬರೆದುಕೊಳ್ಳಿ. 1964ರಲ್ಲಿ ಬ್ಯಾರಿ ಬ್ರೂಕ್ ಮತ್ತು ಮರ್ರೆ ಗೌಲ್ಡ್ ರೂಪಿಸಿದ ಈ ಪದ್ಧತಿಯಲ್ಲಿ ಸ್ವರಕ್ಕೆ ಅಕ್ಷರ, ಕಾಲಕ್ಕೆ ಅಂಕಿ. ಮೇಲಿನ ಸ್ಥಾಯಿಗಳಿಗೆ ಉದ್ಧರಣ ಚಿಹ್ನೆ, ಕೆಳಗಿನವಕ್ಕೆ ಅಲ್ಪವಿರಾಮ, ಎಲ್ಲವೂ ಮಾಮೂಲಿ ಕೀಲಿಮಣೆಯಲ್ಲೇ. ಅದನ್ನು ಆರ್‌ಐಎಸ್‌ಎಂನ ಉಚಿತ ಅಂತರ್ಜಾಲ ಕ್ಯಾಟಲಾಗಿನಲ್ಲಿ ಹುಡುಕಿ. 1952ರಲ್ಲಿ ಶುರುವಾದ ಈ ಯೋಜನೆ ಜಗತ್ತಿನ ಗ್ರಂಥಾಲಯಗಳ ಸಂಗೀತ ಹಸ್ತಪ್ರತಿ, ಹಳೆಯ ಮುದ್ರಣಗಳನ್ನು ದಾಖಲಿಸುತ್ತಿದೆ. ಮುಖಪುಟ ಹರಿದ, ಕೃತಿಕಾರರ ಹೆಸರಿಲ್ಲದ ಹಾಳೆಯೂ ಇನ್ನೊಂದು ದೇಶದ ಹೆಸರಿರುವ ಪ್ರತಿಯೊಂದಿಗೆ ತಾಳೆಯಾಗಿಬಿಡುತ್ತದೆ. ಆರ್‌ಐಎಸ್‌ಎಂನಿಂದ ನಿಮ್ಮ ಗ್ರಂಥಾಲಯಕ್ಕೊಂದು ಸಂಕೇತಾಕ್ಷರ ಪಡೆದು, ಅವರ ಮಸ್ಕಟ್ ಎಂಬ ಉಚಿತ ತಂತ್ರಾಂಶದಲ್ಲೇ ನಿಮ್ಮವನ್ನೂ ಸೇರಿಸಬಹುದು. ಕಾಲ ಗೊತ್ತಿಲ್ಲದಿದ್ದರೆ ಹಾಳೆಯನ್ನು ಬೆಳಕಿಗೆ ಹಿಡಿದು ನೀರಚ್ಚನ್ನು (ಕಾಗದದೊಳಗಿನ ವಾಟರ್‌ಮಾರ್ಕನ್ನು) ದಾಖಲಿಸಿ. ಐದು ಗೆರೆಗಳ ನಡುವಿನ ಅಂತರವನ್ನೂ ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ಗೆರೆ ಎಳೆಯುತ್ತಿದ್ದ ಐದು ಮೂತಿಯ ಪೆನ್ನು ಕೆಟ್ಟರೆ ಅಂತರವೂ ಬದಲಾಗುತ್ತಿತ್ತು. ಮೊಜಾರ್ಟ್‌ನ ಎಷ್ಟೋ ಕೃತಿಗಳ ಕಾಲವನ್ನು ಸಂಗೀತ ಸಂಶೋಧಕ ಅಲನ್ ಟೈಸನ್ ತಿದ್ದಿದ್ದು ಮುಖ್ಯವಾಗಿ ನೀರಚ್ಚುಗಳಿಂದ.

ಕೊನೆಯದಾಗಿ, ಈಗಾಗಲೇ ಆಗಿರುವ ಸ್ಕ್ಯಾನುಗಳು. 400 ಪಿಪಿಐಗೆ (ಅಂಗುಲಕ್ಕೆ 400 ಚಿತ್ರಬಿಂದುಗಳಿಗೆ) ಕಡಿಮೆ ಇಲ್ಲದೆ, ಟಿಫ್ ಕಡತವಾಗಿ, ಅಳತೆಪಟ್ಟಿ ಮತ್ತು ಬಣ್ಣದ ಪಟ್ಟಿ ಜೊತೆಗಿಟ್ಟು ತೆಗೆದಿದ್ದರೆ ಮತ್ತೆ ಮಾಡಬೇಕಿಲ್ಲ. ಖಾಲಿ ಪುಟ ಎಂದು ಬಿಟ್ಟಿದ್ದರೆ, ರಟ್ಟಿನ ಒಳಮೈ ಬಿಟ್ಟಿದ್ದರೆ, ಅಂಚು ಕತ್ತರಿಸಿದ್ದರೆ ಆ ಪುಟಗಳನ್ನಷ್ಟೇ ಗುರುತು ಹಾಕಿಟ್ಟುಕೊಳ್ಳಿ. ಟೇಪು, ಲ್ಯಾಕರ್ ಮುಗಿದ ಮೇಲೆ ಅಲ್ಲಿಂದಲೇ ಮುಂದುವರಿಸಬಹುದು.